ಮುಚ್ಚಿಸಿದ ಗವಾಕ್ಷ

ನಂಜಮ್ಮ, ನಿನ್ನ ಅತ್ತೆಯ ಮನೆಯ ಉತ್ತರದ ಕಿಟಕಿಯನ್ನು ಶಾಸ್ತ್ರ ಮುಚ್ಚಿಸಲಿಲ್ಲ, ನಾನು ಮುಚ್ಚಿಸಿದೆ. ಶಾಸ್ತ್ರದ ಹೆಸರಿನಲ್ಲಿ ಸುಳ್ಳಾಡಿದೆ. ಅದರ ಫಲವನ್ನು ಇಷ್ಟು ವರ್ಷ ಉಂಡವಳು ನೀನು.

ದಿಬ್ಬೂರಹಳ್ಳಿಯಲ್ಲಿ ನಮ್ಮ ಹಿತ್ತಿಲಿಗೆ ತಾಗಿದಂತೆ ನಿನ್ನ ಮಾವ ಮನೆ ಕಟ್ಟಿಸುತ್ತಿದ್ದ ಕಾಲ. ನೀನು ಗೌರಿಬಿದನೂರಿನ ಕಡೆಯಿಂದ ಆಗಷ್ಟೇ ಸೊಸೆಯಾಗಿ ಬಂದಿದ್ದೆ. ವಾಸ್ತುವಿನ ಆಯ ನೋಡಿ ಅಳತೆ ಹೇಳಿದವನು ನಾನೇ. ದಿನವೂ ಸ್ನಾನಸಂಧ್ಯೆ ಮುಗಿಸಿ ಅಲ್ಲಿಗೆ ಬರುತ್ತಿದ್ದೆ. ಗಾರೆಯವರು ಗೋಡೆ ಎಂದರೆ ನಾನು ಭಿತ್ತಿ ಎನ್ನುತ್ತಿದ್ದೆ. ಕಂಬ ಸ್ತಂಭವಾಗುತ್ತಿತ್ತು, ಗೋಡೆ ಕೂರುವ ಕಲ್ಲುಕಟ್ಟು ಅಧಿಷ್ಠಾನವಾಗುತ್ತಿತ್ತು. ದೇವರ ನಾಮಗಳನ್ನು ಹೇಳುವಷ್ಟೇ ಭಕ್ತಿಯಿಂದ ಹೇಳುತ್ತಿದ್ದೆ — ಆ ಭಕ್ತಿ ಸುಳ್ಳಾಗಿರಲಿಲ್ಲ, ಅದನ್ನಾದರೂ ನಂಬು. ಕಿಟಕಿಗೆ ಗವಾಕ್ಷವೆಂದು ಹೆಸರು ಎಂದಾಗ, ಮಣ್ಣು ಕಲೆಸಲು ನೀರು ಹೊತ್ತು ತಂದ ನೀನು ನಕ್ಕೆ.

“ಅಷ್ಟು ದೊಡ್ಡ ಹೆಸ್ರಿಟ್ರೆ ಕಿಟಕಿ ದೊಡ್ಡದಾಗ್ತದಾ ಸ್ವಾಮಿ?”

ಗಾರೆಯವರೂ ನಕ್ಕರು. ನಿನ್ನ ಅತ್ತೆ ಗದರಿದರು. ನನಗೇನೂ ಕೋಪ ಬರಲಿಲ್ಲ. ಗವಾಕ್ಷಕ್ಕೆ ಎದುರಾಗಿ ಇನ್ನೊಂದು ಗವಾಕ್ಷವಿರಬೇಕು, ಒಂದರಿಂದ ಹೊಕ್ಕ ಗಾಳಿ ಇನ್ನೊಂದರಿಂದ ಹೊರಡಬೇಕು, ಆಗಲೇ ಮನೆ ಉಸಿರಾಡುತ್ತದೆ ಎಂದು ನಿನಗೆ ವಿವರಿಸಿದೆ. ತಿಳಿಯದೆ ಮಾಡಿದೆನೆಂದು ಹೇಳಿಕೊಳ್ಳಲು — ಇಲ್ಲ, ಆ ದಾರಿಯೂ ನನಗಿಲ್ಲ.

ರೇಷ್ಮೆಹುಳು ಮೇಯಿಸಲೆಂದು ಮಾಡಿದ ಕೋಣೆಗೆ ಉತ್ತರದಲ್ಲೂ ದಕ್ಷಿಣದಲ್ಲೂ ಚೌಕಟ್ಟು ಕೂರಿಸಿದರು. ಉತ್ತರದ್ದು ನಮ್ಮ ಬಾವಿಯ ಕಡೆಗೆ ತೆರೆಯುತ್ತಿತ್ತು. ಗಂಡನನ್ನು ಕಳೆದುಕೊಂಡು ನಮ್ಮಲ್ಲಿದ್ದ ನನ್ನ ಅಕ್ಕ ಮಡಿಯಲ್ಲಿ ನೀರು ಸೇದುತ್ತಿದ್ದ ಬಾವಿ ಅದು. ಅನ್ಯರ ಕಣ್ಣು ಬೀಳುತ್ತದೆಂದು ಅಕ್ಕ ಕೊರಗಿದಳು. ನಿನ್ನ ಮಾವನ ಬಳಿ ಹೋಗಿ ಕಿಟಕಿಯನ್ನು ತುಸು ಮೇಲಕ್ಕೆ ಇಡಿಸಪ್ಪ ಎಂದು ಕೇಳಿದ್ದರೆ ಆತ ಇಡಿಸುತ್ತಿದ್ದ. ಕೇಳುವುದೆಂದರೆ ತಗ್ಗುವುದೆಂದು ನನಗೆ ತೋರಿತು. ಉತ್ತರಕ್ಕೆ ಬಾಯಿ ತೆರೆದರೆ ಕುಬೇರ ಮನೆ ಬಿಟ್ಟು ಹೋಗುತ್ತಾನೆ ಎಂದುಬಿಟ್ಟೆ. ನಾನು ಓದಿದ್ದು ಅದಕ್ಕೆ ನೇರ ವಿರುದ್ಧ — ಕುಬೇರನ ದಿಕ್ಕು ತೆರೆದಿರಬೇಕೆಂದು. ಅಂದೇ ಚೌಕಟ್ಟು ಕಿತ್ತು ಇಟ್ಟಿಗೆ ತುಂಬಿದರು.

ಬೇಸಿಗೆಯ ಬೆಳೆಯಲ್ಲಿ ಆ ಕೋಣೆ ಕಾದ ಬಾಣಲೆಯಂತಾಯಿತು. ಇನ್ನೇನು ಗೂಡು ಕಟ್ಟಬೇಕಿದ್ದ ಹುಳುಗಳು ಸಪ್ಪೆ ರೋಗ ಹಿಡಿದು ತಟ್ಟೆತಟ್ಟೆಯೇ ಕೊಳೆತವು. ಮುಂದಿನ ಬೆಳೆಯೂ ಹಾಗೆಯೇ ಹೋಯಿತು. ಹಳೆಯ ಮನೆಯಲ್ಲಿ ಎಂದೂ ಆಗದ್ದು ಇಲ್ಲೇಕಾಯಿತು ಎಂದು ಊರು ಮಾತಾಡಿತು. ಹೊಸದಾಗಿ ಬಂದದ್ದು ಎರಡೇ — ಮನೆ, ಮತ್ತು ನೀನು.

ನಿನ್ನ ಅತ್ತೆ ನನ್ನನ್ನು ಕರೆಸಿದರು. ನೀನು ಬಾಗಿಲ ಮರೆಯಲ್ಲಿದ್ದೆ. ಸೆರಗಿನ ಅಂಚು ಕಾಣುತ್ತಿತ್ತು.

“ನಿಜ ಹೇಳ್ಬಿಡಿ ಸ್ವಾಮಿ. ದೋಷ ಮನೇದಾ, ಈ ಹುಡುಗೀದಾ?”

ಮನೆಯದೆಂದರೆ ಯಾವ ದೋಷವೆಂದು ಕೇಳುತ್ತಾರೆ. ಗೋಡೆ ಒಡೆಸಬೇಕಾಗುತ್ತದೆ. ಒಡೆಸಿದರೆ ಮುಚ್ಚಿಸಿದ್ದೇಕೆಂಬ ಪ್ರಶ್ನೆ — ಅದೆಲ್ಲ ಒಂದು ಕ್ಷಣದಲ್ಲಿ ಹೊಳೆಯಿತು.

“ಮನೆಗೆ ದೋಷ ಇಲ್ಲಮ್ಮ” ಎಂದೆ.

ನಿನ್ನ ವಿಷಯವಾಗಿ ಒಂದು ಮಾತೂ ಆಡಲಿಲ್ಲವೆಂದು ಬಹಳ ಕಾಲ ನನ್ನನ್ನೇ ಸಮಾಧಾನಪಡಿಸಿಕೊಂಡೆ. ಆಡಬೇಕಾದದ್ದು ಉಳಿದೇ ಇರಲಿಲ್ಲ. ಮರುದಿನ ನಿನ್ನ ಅಣ್ಣ ಬಂದು, ತಲೆ ತಗ್ಗಿಸಿಕೊಂಡು, ನಿನ್ನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋದ. ಮನೆಯೊಳಗೆ ಪಾರಾಯಣಕ್ಕೆ ಕುಳಿತಿದ್ದ ನಾನು ಏಳಲಿಲ್ಲ. ಯಾವ ಅಧ್ಯಾಯವೆಂದು ಈಗ ನೆನಪಿಲ್ಲ; ಗಾಡಿಯ ಸದ್ದು ನೆನಪಿದೆ.

ಅಕ್ಕ ತೀರಿಕೊಂಡಳು. ಬಾವಿ ಬತ್ತಿತು. ಗೃಹಪ್ರವೇಶಗಳಿಗೆ ಕರೆದವರ ಮನೆಗಳಲ್ಲೆಲ್ಲ ವಾಸ್ತುಪೂಜೆ ಮಾಡಿಸುತ್ತ ಬಂದೆ — ಈ ನಾಲಿಗೆಯಿಂದಲೇ. ದಣಿದಿದ್ದೇನೆ, ತಾಯಿ.

ಹೋದ ವಾರ ನಿನ್ನ ಅತ್ತೆಯ ಬಳಿಗೆ ಹೋಗಿ ಎಲ್ಲವನ್ನೂ ಹೇಳಿದೆ. ತೆರೆದಿದ್ದ ಕಡ್ಡಿಪುಡಿಯ ಡಬ್ಬಿಯನ್ನು ಅವರು ಮುಚ್ಚಿ ಕೆಳಗಿಟ್ಟರು.

“ಈಗ ಹೇಳ್ತೀರಲ್ಲ ಸ್ವಾಮಿ. ಮಗನಿಗೆ ಇನ್ನೊಂದು ಮದ್ವೆ ಮಾಡ್ದೆ, ಅವ್ನಿಗೆ ಮಕ್ಳೂ ಆದ್ವು. ಇದನ್ನ ನಾನು ಯಾರ ತಲೆ ಮೇಲೆ ಇಡ್ಲಿ?”



ನೀನು ಅಣ್ಣನ ಮನೆಯಲ್ಲಿದ್ದೀಯೆಂದೂ, ಹಸೆಗೆ ಕರೆಯುವಾಗ, ಆರತಿ ಎತ್ತುವಾಗ ನಿನ್ನನ್ನು ಹಿಂದೆ ನಿಲ್ಲಿಸುತ್ತಾರೆಂದೂ ಕೇಳಿದೆ. ಕಾಲ್ಗುಣ ಸರಿಯಿಲ್ಲದವಳೆಂಬ ಮಾತು ಅಲ್ಲಿಗೂ ನಿನ್ನ ಜೊತೆಯಲ್ಲೇ ಬಂದಿದೆಯಂತೆ. ಆ ಮಾತನ್ನು ಹುಟ್ಟಿಸಿದವನೇ ಬಂದು ಅಲ್ಲಿ ಅಳಿಸಬೇಕು, ಅಳಿಸೀತೋ ಇಲ್ಲವೋ. ಈ ಸೋಮವಾರ ಬರುತ್ತೇನೆ. ನಿನ್ನ ಅಣ್ಣನೂ ಬೀದಿಯವರೂ ಸೇರಿದ್ದಾಗಲೇ ಹೇಳುತ್ತೇನೆ. ನೀನು ಎದುರಿಗೆ ಬರಬೇಕೆಂದಿಲ್ಲ, ಕ್ಷಮಿಸಬೇಕೆಂದೂ ಇಲ್ಲ. ಹಿರಿಯನೆಂದು ಚಾಪೆ ಹಾಸಬೇಡ. ಅದು ನಿಂತು ಹೇಳಬೇಕಾದ ಮಾತು.