ಹಸಿರು ಮನೆಯೂ ನೆರೆಮನೆಯ ಸಾರೂ

ಮಾಳಿಗೆಯ ಮೇಲೆ ಬಿದ್ದ ಮಳೆ ಮಾಳಿಗೆಯ ಒಡೆಯನದೋ, ಅದು ಜಾರಿ ಬೀಳುವ ಅಂಗಳದವನದೋ ಎಂಬುದು ವೇದಾಂತಿಗಳು ಯಾಕೋ ಕೈಹಾಕದೆ ಬಿಟ್ಟ ಪ್ರಶ್ನೆ. ಹಾನಗಲ್ಲಿನ ನಮ್ಮ ಓಣಿಯಲ್ಲಿ ಅದಕ್ಕೆ ಕೈಹಾಕಿದವರು ನಾನು ಮತ್ತು ಪಕ್ಕದ ಮನೆಯ ಕಾಳಿನ ವ್ಯಾಪಾರಿ ಬಸವಣ್ಣೆಪ್ಪನವರು. ನನ್ನ ಮಾಳಿಗೆಯ ಕೊಳವೆ ತಮ್ಮ ಅಂಗಳಕ್ಕೆ ಧಾರೆ ಸುರಿಸುತ್ತದೆಂದು ಮುನಿದು ಅವರು ವರ್ಷಗಳ ಹಿಂದೆಯೇ ಮಾತು ಬಿಟ್ಟರು. ಪಂಡಿತರ ವಂಶದವನೆಂಬ ಬಿಂಕದಲ್ಲಿ ನಾನು ಅವರಿಗಿಂತ ವ್ಯಾಕರಣಶುದ್ಧವಾಗಿ ಮೌನ ಪಾಲಿಸಿದೆ. ಹಾವೇರಿ ಬಸ್ಸಿನಲ್ಲಿ ಒಂದೇ ಸೀಟು ಸಿಕ್ಕರೆ ಅವರು ಎಡಕ್ಕೆ, ನಾನು ಬಲಕ್ಕೆ ಮುಖ ತಿರುಗಿಸಿ, ಇಬ್ಬರೂ ಕತ್ತುನೋವಿನೊಂದಿಗೆ ಇಳಿಯುತ್ತಿದ್ದೆವು.

ಈಚೆಗೆ ಮೇಲೊಂದು ಕೋಣೆ ಕಟ್ಟಿಸುವ ಹಂಬಲವಾಯಿತು. ನಕ್ಷೆ ಬರೆಯಲು ಹಿರೇಕೆರೂರಿನಿಂದ ಬಂದ ಎಂಜಿನಿಯರ್ ಶೈಲಾ, ರಾಜ್ಯದ ಹಸಿರು ಕಟ್ಟಡದ ನಿಯಮಗಳನ್ನು ನಮ್ಮೂರೂ ಒಪ್ಪಿಕೊಂಡಿದೆಯೆಂದೂ, ಇನ್ನು ಗಾಳಿ ಬೆಳಕು ಧಾರಾಳವಾಗಿರಬೇಕು, ಮಾಳಿಗೆಯ ಮಳೆ ತೊಟ್ಟಿಗಿಳಿಯಬೇಕು, ಇಲ್ಲದಿದ್ದರೆ ಪರವಾನಗಿಯಿಲ್ಲವೆಂದೂ ತಿಳಿಸಿದರು. ಇದನ್ನೆಲ್ಲ ನಮ್ಮ ಪೂರ್ವಿಕರು ಎಂದೋ ಹೇಳಿದ್ದಾರೆಂದು ನಾನು ಪಂಚಭೂತಗಳಿಂದ ಆರಂಭಿಸಿದೆ.

"ಪಂಚಭೂತ ಇರ್ಲಿ ಸರ್, ಪೈಪ್ ಯಾವ ಕಡೆ ಇಳಸೂಣ್ರಿ?" ಎಂದರು ಶೈಲಾ.

ಪೈಪು ತೊಟ್ಟಿಯ ಕಡೆಗಿಳಿಯಿತು, ಹಳೆಯ ಕೊಳವೆಗೆ ಸಿಮೆಂಟು ಬಿತ್ತು. ನಿಯಮಕ್ಕೆ ಹೆದರಿ ಮಾಡಿದ್ದನ್ನು ಮನಸ್ಸಿನಲ್ಲೇ ಔದಾರ್ಯವೆಂದು ತಿದ್ದಿಕೊಂಡು, ಮೊದಲ ಮಳೆಗೆ ಕೊಡೆ ಹಿಡಿದು ಅಂಗಳದಲ್ಲಿ ನಿಂತೆ, ಬಸವಣ್ಣೆಪ್ಪನವರ ಕೃತಜ್ಞತೆ ಸ್ವೀಕರಿಸಲು. ಅವರು ಬಂದೇ ಬಂದರು, ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು.

"ನೀರು ಎಲ್ಲಿ ಹೋತ್ರಿ ಆಚಾರ್ರ?"

"ನಿಮಗ ಬ್ಯಾಡಾಗಿತ್ತಲ್ರಿ" ಎಂದೆ.

"ಬ್ಯಾಡಂದವ ನಾನ್ರಿ. ಬೇಕನ್ನಾಕಿ ಒಳಗ ಅದಾಳ. ಯಾಕ ಬೇಕು ಅಂತ ನನಗೂ ಹೇಳವಲ್ಲಳು."

ಒಳಗಿದ್ದ ಅವರ ಹೆಂಡತಿ ಗಂಗಕ್ಕ ಬಾಗಿಲಿಗೆ ಬಂದರು. "ಬೋರಿನ ನೀರಿನ್ಯಾಗ ಬ್ಯಾಳಿ ಬೇಯಂಗಿಲ್ರಿ ಅಣ್ಣಾರ. ನಿಮ್ಮ ಕೊಳವಿ ಕೆಳಗ ಹಂಡೆ ಇಟ್ಟು, ಆ ನೀರಿನ್ಯಾಗ ಬೇಯಸ್ತಿದ್ದೆ. ಬೆಣ್ಣಿಯಂಗ ಆಗ್ತಿತ್ತು."

ಬಸವಣ್ಣೆಪ್ಪನವರು ನಿಧಾನವಾಗಿ ಹೆಂಡತಿಯತ್ತ ತಿರುಗಿದರು. "ನಾ ಆರಿಸಿ ತಂದ ಬ್ಯಾಳಿ ಗುಣ ಅಂತ ಅಕ್ಕಿಆಲೂರ ಸಂತಿತನಕ ಹೇಳಿಕೊಂಡು ತಿರಗೇನಲ್ಲ?"

"ನೀವು ಹೇಳಿದ್ರಿ. ನಾ ಸುಮ್ನಿದ್ದೆ" ಎಂದರು ಗಂಗಕ್ಕ.

ಅಷ್ಟು ವರ್ಷ ವೈರಿಯ ಮಾಳಿಗೆಯ ನೀರಿನ ಸಾರನ್ನು ಸುರಿದು ಸುರಿದು ಉಂಡ ಆ ಮನುಷ್ಯನ ಮುಖ ನೋಡಿ ನನಗೆ ನಗು ಒತ್ತಿಬಂತು. ಅವರಿಗೇ ಮೊದಲು ಬಂತು. ಮಾತು ಬಿಟ್ಟ ನಾವಿಬ್ಬರೂ ಮಳೆಯಲ್ಲಿ ನಿಂತು, ಹೊಟ್ಟೆ ಹಿಡಿದುಕೊಂಡು ನಕ್ಕೆವು. ನನ್ನ ಹೆಂಡತಿ ಯಾರಿಗೋ ಏನೋ ಆಯಿತೆಂದು ಲಟ್ಟಣಿಗೆ ಹಿಡಿದೇ ಓಡಿಬಂದಳು.

ತೊಟ್ಟಿಯಿಂದ ಪಕ್ಕದ ಮನೆಗೊಂದು ನಲ್ಲಿ ಹಾಕಿದರೆ ಹಸಿರಿಗೆ ಭಂಗವಾದೀತೇ ಎಂದು ಶೈಲಾರಿಗೆ ಫೋನು ಮಾಡಿ, ಸಾರಿನ ಕಥೆಯನ್ನೂ ಹೇಳಿದೆ. "ನೀರು ವ್ಯರ್ಥ ಆಗಬಾರ್ದು ಅಷ್ಟ ಸರ್, ಸಾರು ಆದ್ರ ಅಡ್ಡಿಯಿಲ್ರಿ" ಎಂದರು. ಗೋಡೆಯಂಚಿಗೆ ನಲ್ಲಿ ಬಂತು. ಈಗ ನೀರು ಆಚೆ ಹೋಗುತ್ತದೆ, ಸಾರು ಈಚೆ ಬರುತ್ತದೆ. ಎರಡು ಮನೆಗಳ ನಡುವಣ ಈ ಸಾರಿಗೆ ವ್ಯವಸ್ಥೆ ಯಾವ ಇಲಾಖೆಗೂ ಸೇರಿದ್ದಲ್ಲ.

ತೊಂದರೆ ಒಂದೇ. ನನ್ನ ಮಳೆಯ ಮೇಲೆ ಬಸವಣ್ಣೆಪ್ಪನವರಿಗೆ ಹಕ್ಕು ಬಂದುಬಿಟ್ಟಿದೆ. ಮೋಡ ಕವಿದು ಹನಿಯದೆ ಹೋದ ದಿನ ಗೋಡೆಯಾಚೆಯಿಂದ ದೂರು ಕೇಳುತ್ತದೆ: "ಏನ್ರಿ ಆಚಾರ್ರ, ಈ ವಾರ ಮಳಿನ ಇಲ್ಲಲ್ರಿ."

"ತಪ್ಪಾತ್ರಿ, ನೋಡ್ತೇನಿ" ಎನ್ನುತ್ತೇನೆ ನಾನು, ಮತ್ತು ನಿಜಕ್ಕೂ ಹೊರಗೆ ಬಂದು ಆಕಾಶ ನೋಡುತ್ತೇನೆ.