ಮಾವನ ಕೋಣೆಯ ಮರುಗಂಟೆ

ನಮ್ಮ ಮಿಯಾಪುರದ ಫ್ಲ್ಯಾಟಿನಲ್ಲಿ ಅಡುಗೆಮನೆಯಿಂದ ಮಾವನ ಕೋಣೆಯವರೆಗೆ ಒಂದು ತಂತಿ ಹೋಗಿತ್ತು. ಆ ತುದಿಗೊಂದು ಹಿತ್ತಾಳೆ ಗಂಟೆ, ಈ ತುದಿಗೊಂದು ಹಿತ್ತಾಳೆ ಗಂಟೆ, ಎರಡರ ಪಕ್ಕದಲ್ಲೂ ಒತ್ತುವುದಕ್ಕೆ ಒಂದೊಂದು ಗುಂಡಿ. ಇಷ್ಟಗಲದ ಮನೆಯಲ್ಲಿ ತಂತಿ ಎಳೆಸಿಕೊಂಡು ಮಾತಾಡುವವರನ್ನು ನೋಡಿ ಬಂದವರೆಲ್ಲ ನಗುತ್ತಿದ್ದರು. ನಾನೂ ನಕ್ಕವಳೇ. ಈಗ ಆ ಗೋಡೆಯಲ್ಲಿ ಮೊಳೆಯ ತೂತುಗಳು ಮಾತ್ರ ಉಳಿದಿವೆ. ಅವುಗಳ ಮುಂದೆ ನಿಂತು ಹಿಟ್ಟು ನಾದುವಾಗ ಇವತ್ತಿಗೂ ನನ್ನ ಬೆನ್ನು ಜುಮ್ಮೆನ್ನುತ್ತದೆ.

ಮಾವ ಸೇಡಂ ಕಡೆಯ ಸಣ್ಣ ಸಣ್ಣ ಸ್ಟೇಷನ್ನುಗಳಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಕಿವಿ ಬಹಳ ಮಂದವಾಗಿತ್ತು. ಕೋಣೆಯ ಬಾಗಿಲು ಹಾಕಿಕೊಂಡು ಕೂತರೆ ಹೊರಗೆ ನಾವು ಗಂಟಲು ಹರಿದುಕೊಂಡರೂ ಅವರಿಗೆ ಮುಟ್ಟುತ್ತಿರಲಿಲ್ಲ, ಪಕ್ಕದ ಮನೆಯವರಿಗೆ ಮಾತ್ರ ಮುಟ್ಟುತ್ತಿತ್ತು. ಮೊಬೈಲು ಕೊಡಿಸಿದರೆ ಅದನ್ನು ದಿಂಬಿನ ಕೆಳಗೆ ಹೂತಿಟ್ಟರು. ಕೊನೆಗೊಂದು ದಿನ ಸನತ್‌ನಗರದ ಗುಜರಿ ಅಂಗಡಿಯಿಂದ ಎರಡು ಹಳೆಯ ಗಂಟೆಗಳನ್ನು ಹೊತ್ತು ತಂದರು. ಅವರ ಮುಖದಲ್ಲಿ ಅಷ್ಟು ಖುಷಿಯನ್ನು ನಾನು ಅತ್ತೆ ತೀರಿಕೊಂಡ ಮೇಲೆ ಕಂಡಿರಲಿಲ್ಲ.

ಹಳೆಯ ಕಾಲದಲ್ಲಿ ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ಗಾಡಿ ಬಿಡುವ ಮೊದಲು ಮಾಸ್ತರರು ಇಂಥ ಗಂಟೆಯಲ್ಲೇ ಮಾತಾಡಿಕೊಳ್ಳುತ್ತಿದ್ದರಂತೆ. ಇಲ್ಲಿ ಗುಂಡಿ ಒತ್ತಿದರೆ ಮೈಲಿಗಳಾಚೆ ಆ ಸ್ಟೇಷನ್ನಿನ ಗಂಟೆ ಒಮ್ಮೆ ಬಡಿಯುತ್ತದೆ. ಕೇಳಿಸಿಕೊಂಡವನು ಎಷ್ಟು ಬಡಿತ ಕೇಳಿತೋ ಅಷ್ಟನ್ನೇ ತಿರುಗಿ ಬಡಿಯಬೇಕು. ಅದು ಬಂದರೆ ಕಳಿಸಿದ ಮಾತು ಮುಟ್ಟಿತು ಎಂದು ಲೆಕ್ಕ, ಬರದಿದ್ದರೆ ಕಳಿಸಲೇ ಇಲ್ಲ ಎಂದು ಲೆಕ್ಕ. ಮಾವ ಅದನ್ನು ಮರುಗಂಟೆ ಎಂದು ಕರೆಯುತ್ತಿದ್ದರು.

"ಮರುಗಂಟಿ ಬಂತಂದ್ರ ಮುಗೀತವ್ವಾ. ಎದ್ದು ಹೋಗಿ ನೋಡೂದು, ಮತ್ತ ಕೇಳೂದು, ಯಾವುದೂ ಬ್ಯಾಡ. ಕಾಣದ ಊರಾಗ ಕುಂತಾಂವನ ಕೈ ಮ್ಯಾಲ ನಂಬಿಕಿ ಇಟ್ಟು ಜೀವಮಾನ ಗಾಡಿ ಬಿಟ್ಟೀನಿ," ಎನ್ನುತ್ತಿದ್ದರು.

ನಮ್ಮ ಮನೆಗೂ ಅದೇ ಕಾನೂನು ಬಂತು. ಒಂದು ಬಡಿತ ಎಂದರೆ ಎಚ್ಚರ ಇದ್ದೀರಾ ಎಂದು. ಎರಡು ಬಡಿದರೆ ಚಹಾ, ಮೂರು ಬಡಿದರೆ ಊಟ. ಆರು ಬಡಿದರೆ ಆಪತ್ತು, ಇದ್ದದ್ದನ್ನು ಇದ್ದಲ್ಲಿಯೇ ಬಿಟ್ಟು ಓಡಿ ಬಾ ಎಂದು. ನಾನು ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಸುತ್ತಲಿನ ಕನ್ನಡದವರಿಗೆ ಕೊಡುವವಳು. ಕೈಯೆಲ್ಲ ಹಿಟ್ಟಾಗಿರುವುದರಿಂದ ಗುಂಡಿಯನ್ನು ಮೊಣಕೈಯಲ್ಲಿ ಒತ್ತುತ್ತಿದ್ದೆ. ಒಳಗಿಂದ ಮಾವ ಮರುಗಂಟೆ ಕೊಡುತ್ತಿದ್ದರು, ನಿಧಾನವಾಗಿ, ಒಂದೊಂದು ಬಡಿತವನ್ನೂ ತೂಗಿ ಇಟ್ಟ ಹಾಗೆ.

ತಂಟೆ ಶುರುವಾದದ್ದು ಅವರಿಗೆ ಕೂತಲ್ಲೇ ಜೊಂಪು ಹತ್ತುವುದು ಹೆಚ್ಚಾದ ಮೇಲೆ. ಮರುಗಂಟೆ ಬರದಿದ್ದರೆ ನನ್ನ ಗಂಡ ಹೋಗಿ ಬಾಗಿಲು ಮುರಿಯುವ ಹಾಗೆ ಬಡಿಯುತ್ತಿದ್ದರು. ಮಾವ ಕೆಲವೊಮ್ಮೆ ನಿದ್ದೆಗಣ್ಣಲ್ಲಿ, ಕೆಲವೊಮ್ಮೆ ಬಚ್ಚಲಿನಿಂದ ಅರ್ಧ ಟವೆಲ್ಲು ಸುತ್ತಿಕೊಂಡು ಬಂದು ಚಿಲಕ ತೆಗೆಯುತ್ತಿದ್ದರು. ಸೊಸೆಯೆದುರು ಹಾಗೆ ನಿಲ್ಲಬೇಕಾಗಿ ಬಂದದ್ದಕ್ಕೆ ಅವರ ಕಣ್ಣು ತುಂಬಿದ್ದನ್ನೂ ನೋಡಿದ್ದೇನೆ.

"ಇನ್ನ ಚಿಲಕ ತೆಗಸ್ತೀನಿ ಅಪ್ಪಾಜಿ. ನಿಮ್ಮ ಜೊತಿ ಕೋಣ್ಯಾಗ ಇರಾಕ ಒಬ್ಬ ಅಟೆಂಡರ್‌ನ ಇಡ್ತೀನಿ," ಎಂದರು ನನ್ನ ಗಂಡ.

"ಹೊರಗಿನಾಂವ ಬಂದು ನನ್ನ ಮೈ ತಿಕ್ಕಬೇಕೇನಪಾ? ಆ ಬಾಗಲಾ ಒಂದ ಉಳದೈತಿ ನಂದು ಅನ್ನೂದು. ಅದನೂ ಕಸ್ಕೋಬ್ಯಾಡ್ರಿ."

ಗಂಡಸರಿಬ್ಬರೂ ಎರಡು ದಿನ ಮಾತು ಬಿಟ್ಟರು. ಆಮೇಲೆ ಒಂದು ಒಪ್ಪಂದವಾಯಿತು. ಮರುಗಂಟೆ ತಪ್ಪದೆ ಬರುವವರೆಗೆ ಚಿಲಕವೂ ಕೋಣೆಯೂ ಮಾವನದು. ತಪ್ಪಿತೋ, ಅಟೆಂಡರ್ ಬರುತ್ತಾನೆ.

ಅಲ್ಲಿಂದ ಮುಂದೆ ಮರುಗಂಟೆ ತಪ್ಪಲೇ ಇಲ್ಲ. ಯಾವ ಹೊತ್ತಿಗೆ ಒತ್ತಿದರೂ ಹತ್ತು ಎಣಿಸುವಷ್ಟರಲ್ಲಿ ಜವಾಬು ಬರುತ್ತಿತ್ತು. ಮುದುಕರಿಗೆ ಹಟ ಬಂದರೆ ನಿದ್ದೆಯೂ ಹೆದರುತ್ತದೆ ಎಂದು ನಾನು ಆಡಿಕೊಂಡೆ.

ಹೀಗಿರುವಾಗ ಒಂದು ಮಧ್ಯಾಹ್ನ ಮಾವ ಹಾಲಿನಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದರು. ಕೆಲಸದವಳು ಅಡುಗೆಮನೆಯ ಕಟ್ಟೆ ಒರೆಸುತ್ತ ಕೈತಪ್ಪಿ ಗುಂಡಿ ಒತ್ತಿದಳು. ನಾನು ಅವಳ ಪಕ್ಕದಲ್ಲೇ ಇದ್ದೆ. ಒಂದು ಗಳಿಗೆ ಬಿಟ್ಟು ನಮ್ಮ ತಲೆಯ ಮೇಲಿನ ಗಂಟೆ ಠಣ್ ಎಂದಿತು. ಅಂದರೆ, ಮಾವನ ಕೋಣೆಯಿಂದ ಮರುಗಂಟೆ ಬಂದಿತ್ತು.

ನಾವಿಬ್ಬರೂ ಹಾಲಿನ ಕಡೆ ನೋಡಿದೆವು. ಮಾವ ತಟ್ಟೆಯಿಂದ ಮುಖ ಎತ್ತಿರಲಿಲ್ಲ. ನಾನು ಎರಡು ಸಲ ಒತ್ತಿದೆ. ಎರಡು ಬಂತು.

"ಲೋಪಲ ಎವರುನ್ನಾರಮ್ಮಾ?" ಎಂದಳು ಅವಳು ತೆಲುಗಿನಲ್ಲಿ, ಒಳಗೆ ಯಾರಿದ್ದಾರೆ ಎಂದು. ಅವಳ ಕೈಯಲ್ಲಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಹೋಗಿ ನೋಡಿದೆ. ಹಾಸಿಗೆ ಮಡಿಕೆ ಮುರಿಯದೆ ಹಾಗೇ ಇತ್ತು. ಗಂಟೆಯ ಮುಂದಿನ ಕುರ್ಚಿ ಮೇಜಿಗೆ ಒತ್ತಿಕೊಂಡಿತ್ತು. ಗೋಡೆಯ ಮೇಲೆ ಗಂಧದ ಹಾರ ಹಾಕಿದ ಅತ್ತೆಯ ಫೋಟೊ. ಅವರು ಅದೇ ಕೋಣೆಯಲ್ಲಿ ಪ್ರಾಣ ಬಿಟ್ಟವರು. ಸ್ಟೇಷನ್ನಿನ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿದ್ದರಿಂದ ಗಂಟೆಯ ಬಡಿತವನ್ನು ಗಂಡನಷ್ಟೇ ಚೆನ್ನಾಗಿ ಬಲ್ಲವರು.

ಸಂಜೆ ನನ್ನ ಗಂಡ ಬಾಲಾನಗರದ ಕಾರ್ಖಾನೆಯಿಂದ ಬಂದು ಎಲ್ಲ ಕೇಳಿ, ತಂತಿ ಎಲ್ಲೋ ಶಾರ್ಟ್ ಆಗಿರಬೇಕು ಎಂದರು. "ಹೌದು, ಶಾರ್ಟ ಆಗಿತ್ತು. ನಾನ ಸರಿ ಮಾಡೀನಿ," ಎಂದರು ಮಾವ, ಕೇಳುವ ಮೊದಲೇ. ಆಮೇಲೆ ಅವರು ಹೊರಗೆ ಬಂದಾಗಲೆಲ್ಲ ನಾನು ಕಳ್ಳಿಯ ಹಾಗೆ ಗುಂಡಿ ಒತ್ತಿ ನೋಡುತ್ತಿದ್ದೆ. ಖಾಲಿ ಕೋಣೆಯಿಂದ ಮತ್ತೆ ಜವಾಬು ಬರಲಿಲ್ಲ. ಆದರೂ ಕೆಲಸದವಳು ಆ ಕೋಣೆಗೆ ಪೊರಕೆ ಹಿಡಿದು ಕಾಲಿಡಲು ಒಪ್ಪಲಿಲ್ಲ. ಒಳಗಿರುವುದು ದೊಡ್ಡಮ್ಮನವರೇ, ಅಂದರೆ ತೀರಿಕೊಂಡ ನಮ್ಮತ್ತೆಯೇ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

ನಾನು ಹೊರಗೆ ನಕ್ಕೆ. ನಮ್ಮತ್ತೆ ಬದುಕಿದ್ದಾಗ ನಾನು ಕರೆದರೆ ಒಂದೇ ಕರೆಗೆ ಓಗೊಟ್ಟವರಲ್ಲ, ಸತ್ತ ಮೇಲೆ ಇಷ್ಟು ಚುರುಕಾಗಿ ಜವಾಬು ಕೊಡುತ್ತಾರೆಂದರೆ ಯಾರು ನಂಬಬೇಕು? ಆದರೆ ನಿಜ ಹೇಳಬೇಕೆಂದರೆ, ಒಬ್ಬಳೇ ಇದ್ದಾಗ ನನ್ನ ನಗು ಎಲ್ಲೋ ಹೋಗುತ್ತಿತ್ತು. ಮರುಗಂಟೆ ಬಂದ ಕೂಡಲೇ ನನಗೇ ಗೊತ್ತಿಲ್ಲದ ಹಾಗೆ, "ಅತ್ತೀ, ಮಾವಾರ್ನ ನೋಡ್ಕೋರಿ," ಎಂದು ಗೊಣಗುವುದು ಅಭ್ಯಾಸವಾಗಿತ್ತು. ಬೇಡಿಕೊಂಡದ್ದು ಯಾರನ್ನೋ ಏನೋ. ಬೇಡಿಕೊಂಡ ಮೇಲೆ ಸಮಾಧಾನವಂತೂ ಆಗುತ್ತಿತ್ತು.

ಒಂದು ದಿನ ಪಕ್ಕದ ಬ್ಲಾಕಿನಲ್ಲಿ ಮಗುವಿನ ನಾಮಕರಣವಿತ್ತು. ರೊಟ್ಟಿಯೆಲ್ಲ ನನ್ನ ಕೈಯದೇ ಆಗಬೇಕಿತ್ತು. ನನ್ನ ಗಂಡ ಬೆಳಿಗ್ಗೆ ಕಂಪನಿ ಬಸ್ಸಿಗೆ ಹೊರಡುವ ಮೊದಲು ದಿನದಂತೆ ಒಮ್ಮೆ ಒತ್ತಿದರು, ಮರುಗಂಟೆ ಬಂತು, ನಿಶ್ಚಿಂತೆಯಾಗಿ ಚಪ್ಪಲಿ ಮೆಟ್ಟಿ ಹೋದರು. ಆಮೇಲೆ ನಾನೂ ಒಮ್ಮೆ ಒತ್ತಿದೆ. ಬಂತು. ರೊಟ್ಟಿಯ ಗಡಿಬಿಡಿಯಲ್ಲಿ ಚಹಾ ತಡವಾಯಿತು. ಬೇಜಾರು ಮಾಡಿಕೊಂಡಾರೆಂದು ಇನ್ನೊಮ್ಮೆ ಒತ್ತಿದೆ, ಅದಕ್ಕೂ ಜವಾಬು ಬಂತು. ಹೊಗೆ ಎಳೆಯುವ ಫ್ಯಾನು ಬೆಳಗಿನಿಂದಲೇ ಗುಂಯ್‌ಗುಡುತ್ತಿತ್ತು, ಕೆಲಸದವಳು ಪಾತ್ರೆ ತಿಕ್ಕುತ್ತಿದ್ದಳು.

ಕೊನೆಗೆ ಚಹಾ ಸೋಸಿ, ಎರಡು ಬಡಿತ ಕೊಡಲು ಮೊಣಕೈ ಎತ್ತಿದೆ. ಒಂದು ಒತ್ತುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು. ಅದನ್ನು ಮಗುಚಿ ಹಾಕಿ, ಬಟ್ಟೆಯಿಂದ ಒತ್ತಿ, ಮತ್ತೆ ಬಂದು ಎರಡನೆಯದನ್ನು ಒತ್ತಿದೆ.

ತಲೆಯ ಮೇಲಿನ ಗಂಟೆ ಒಮ್ಮೆ ಬಡಿಯಿತು. ಸುಮ್ಮನಾಯಿತು. ಒಂದು ರೊಟ್ಟಿ ಮಗುಚಿ ಹಾಕಿ, ಬಟ್ಟೆಯಿಂದ ಒತ್ತಿ, ತಿರುಗಿ ಬರುವಷ್ಟು ಹೊತ್ತು ಸುಮ್ಮನಿದ್ದು ಎರಡನೆಯದು ಬಡಿಯಿತು.

ನಾನು ನಿಂತಲ್ಲೇ ನಿಂತೆ. ಮಾವನ ಕೋಣೆಯಲ್ಲಿ ಹಂಚಿಲ್ಲ, ರೊಟ್ಟಿಯಿಲ್ಲ. ಹಾಗೆ ನಡುವೆ ತಡೆಯುವುದಕ್ಕೆ ಅವರಿಗೆ ಕಾರಣವೇ ಇಲ್ಲ. ಆ ತಡೆ ನನ್ನದು. ಆ ಕೈ ನನ್ನದು. ಇಷ್ಟು ದಿನ ಚುರುಕಾಗಿ ಬರುತ್ತಿದ್ದ ಬಡಿತವೆಲ್ಲ ಮೊಣಕೈಯಿಂದ ಒತ್ತುವವಳ ಬಡಿತ, ತೂಗಿ ಒತ್ತುವ ಮಾಸ್ತರರದಲ್ಲ ಎಂದು ಆಗ ಒಮ್ಮೆಲೇ ಹೊಳೆಯಿತು. ಒಳಗೆ ಯಾರೋ ಕೂತು ನನ್ನನ್ನೇ ನನಗೆ ಅಣಕಿಸುತ್ತಿದ್ದರು.

ನಡುಗುವ ಕೈಯಿಂದ ಆರು ಒತ್ತಿದೆ. ಆಪತ್ತಿನ ಗಂಟೆ. ಮನುಷ್ಯನಾದವನು ಅದನ್ನು ಕೇಳಿದರೆ ಬಾಗಿಲು ತೆಗೆದು ಓಡಿ ಬರಬೇಕು. ಬಾಗಿಲು ತೆರೆಯಲಿಲ್ಲ. ಆರು ಬಡಿತ ತಿರುಗಿ ಬಂದವು, ನನ್ನ ನಡುಕದ ಸಮೇತ.

ಓಡಿದೆ. ಚಿಲಕ ಹಾಕಿತ್ತು. ನಾನು ಕೂಗಿದ್ದಕ್ಕೆ ಕೆಳಗಿನ ವಾಚ್‌ಮನ್ ಕಬ್ಬಿಣದ ಸಲಾಕೆ ತಂದು ಬಾಗಿಲು ಮೀಟಿದ. ಮಾವ ಮಂಚಕ್ಕೂ ಬಚ್ಚಲಿಗೂ ನಡುವೆ ನೆಲದ ಮೇಲೆ ಬಿದ್ದಿದ್ದರು. ಕಾಲು ಒಂದು ಥರ ಸೊಟ್ಟಗೆ ತಿರುಗಿತ್ತು. ಕೆನ್ನೆ ಟೈಲ್ಸಿಗೆ ಅಂಟಿಕೊಂಡಿತ್ತು. ಕಣ್ಣುಗಳು ತೆರೆದೇ ಇದ್ದವು, ಆದರೆ ನಮ್ಮ ಕಡೆ ಹೊರಳಲಿಲ್ಲ. ಅವರು ಗಂಟೆಯ ಮುಂದಿನ ಖಾಲಿ ಕುರ್ಚಿಯನ್ನು ನೋಡುತ್ತಿದ್ದರು.

ನಾನು ಅವರ ತಲೆ ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುವಾಗ ಮೇಜಿನ ಮೇಲಿನ ಗಂಟೆ ಒಮ್ಮೆ ಬಡಿಯಿತು. ಏನಾಯಿತೆಂದು ತಿಳಿಯದೆ ಕೆಲಸದವಳು ಅಡುಗೆಮನೆಯಲ್ಲಿ ಗುಂಡಿ ಒತ್ತಿದ್ದಳು, ಈ ಕಡೆ ಬರುವ ಧೈರ್ಯ ಅವಳಿಗಿರಲಿಲ್ಲ. ಮೇಜಿನ ಕೆಳಗೆ ಒಂದು ಕೆಂಪು ದೀಪ ಮಿಣುಕಿತು. ಯಾರೂ ಮುಟ್ಟಲಿಲ್ಲ. ಕುರ್ಚಿಯಲ್ಲಿ ಯಾರೂ ಇರಲಿಲ್ಲ. ದೂರದ ಅಡುಗೆಮನೆಯಿಂದ ಠಣ್ ಎಂದು ಕೇಳಿಸಿತು, ಜೊತೆಗೇ ಅವಳು ಕಿರುಚಿದ್ದೂ ಕೇಳಿಸಿತು. ವಾಚ್‌ಮನ್ ಸಲಾಕೆ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ನನ್ನ ಮಾವ ಕಣ್ಣು ಮುಚ್ಚಿಕೊಂಡರು.

ಮೇಜಿನ ಅಡಿಯಲ್ಲಿ ಟೇಪು ಹಚ್ಚಿ ಅಂಟಿಸಿದ್ದ ಹೆಬ್ಬೆರಳು ಗಾತ್ರದ ಒಂದು ಹಸಿರು ಬೋರ್ಡು ಸಿಕ್ಕಿತು. ಆ ಒಪ್ಪಂದವಾದ ಕೂಡಲೇ ಮಾವ ಮೆಟ್ರೊ ಹತ್ತಿ ಕೋಠಿಗೆ ಹೋಗಿ, ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಯೊಂದರಲ್ಲಿ ಮಾಡಿಸಿಕೊಂಡು ಬಂದಿದ್ದರು. ಗಂಟೆಗೆ ಬಂದದ್ದನ್ನು ಹತ್ತು ಎಣಿಸುವಷ್ಟು ತಡೆದು, ಬಂದ ಹಾಗೆಯೇ ತಿರುಗಿ ಕಳಿಸುವುದೊಂದೇ ಅದರ ಕೆಲಸ. ಅದಕ್ಕೊಂದು ಸ್ವಿಚ್ಚೂ ಇತ್ತು. ಅವಲಕ್ಕಿ ತಿಂದ ದಿನದ ನಂತರ, ಹೊರಗೆ ಬರುವಾಗ ಅದನ್ನು ಆರಿಸಿ ಬರುತ್ತಿದ್ದರು. ತಮಗೆ ಜೊಂಪು ಹತ್ತಿದರೂ ಬಾಗಿಲು ತಮ್ಮದಾಗಿಯೇ ಉಳಿಯಲಿ ಎಂಬ ಒಂದೇ ಆಸೆಗೆ ಇಷ್ಟೆಲ್ಲ ಮಾಡಿದ್ದರು.

ಆಸ್ಪತ್ರೆಯಲ್ಲಿ ಸೊಂಟಕ್ಕೆ ಆಪರೇಷನ್ ಆಯಿತು. ನನ್ನ ಗಂಡ ಸಿಟ್ಟಿನಲ್ಲಿ ತಂತಿ, ಗಂಟೆ, ಬೋರ್ಡು ಎಲ್ಲ ಕಿತ್ತು ಎಸೆದರು. ಆ ಸಿಟ್ಟು ತಂದೆಯ ಮೇಲಿನದಲ್ಲ, ಮರುಗಂಟೆ ಕೇಳಿ ಚಪ್ಪಲಿ ಮೆಟ್ಟಿ ಹೋದದ್ದಕ್ಕೆ ತಮ್ಮ ಮೇಲೆ ತಮಗೇ ಬಂದದ್ದು ಎಂದು ನನಗೆ ಗೊತ್ತಿತ್ತು. ನಾನು ಸಮಾಧಾನ ಹೇಳಲು ಹೋಗಲಿಲ್ಲ. ನಾನೂ ಹಾಗೆಯೇ ಕೇಳಿದವಳು.

ಮಾವ ವಾಕರ್ ಹಿಡಿದು ಮನೆಗೆ ಬಂದ ದಿನ, ಅವರನ್ನು ಮಂಚದ ಮೇಲೆ ಕೂಡಿಸಿ, ಅಟೆಂಡರ್ ಬರುವುದಕ್ಕೆ ಇನ್ನೂ ಹೊತ್ತಿದೆ, ಅಲ್ಲಿಯವರೆಗಾದರೂ ತಮ್ಮಷ್ಟಕ್ಕೆ ತಾವಿರಲಿ ಎಂದು ಬಾಗಿಲು ಎಳೆಯಲು ಹೋದೆ.

"ಬ್ಯಾಡವ್ವಾ. ತೆಗದ ಇರ್ಲಿ."

ಹತ್ತಿರ ಹೋಗಿ ಅವರ ಕಿವಿಯ ಬಳಿ ಬಾಗಿ ಕೇಳಿದೆ. "ಯಾಕ್ರಿ ಮಾವಾರ? ಇದ ಬಾಗಲಾ ಸಲುವಾಗಿ ಅಲ್ಲೇನ್ರಿ ನೀವು ಮಗನ ಜೋಡಿ ಮಾತು ಬಿಟ್ಟಿದ್ದು?"

ಅವರು ಮೇಜಿನ ಕಡೆ ನೋಡುತ್ತ ಹೇಳಿದರು.

"ಅವತ್ತು ನೀವು ಬಡದಿದ್ದೆಲ್ಲಾ ನನಗ ಕೇಳಿಸ್ತು. ಮಗಾ ಬಡದ, ನೀ ಬಡದಿ. ನಾ ಇಲ್ಲಿ ಬಿದ್ದು ಕೂಗಾಕತ್ತಿದ್ದೆ. ಆ ಕುರ್ಚಿ ಕಡಿಂದ ಅದು ಹೇಳಾಕತ್ತಿತ್ತು, ಅರಾಮ ಅದೀನಿ, ಅರಾಮ ಅದೀನಿ ಅಂತ. ಪ್ರತಿ ಸರ್ತಿ. ಒಂದು ಸರ್ತಿನೂ ತಪ್ಪಲಿಲ್ಲ ನೋಡು."

ನಾನು ಅವರ ಕೈ ಹಿಡಿದುಕೊಂಡೆ. ಅದು ತಣ್ಣಗಿತ್ತು.

"ಜೀವಮಾನ ನಂಬಿದ ಮಾತದು, ಮರುಗಂಟಿ ಬಂತಂದ್ರ ಆ ಕಡಿ ಮನಶ್ಯಾ ಅದಾನ ಅಂತ. ಕಡೀಕ ನನಗೂ ಹಂಗ ಅನಿಸ್ತವ್ವಾ. ಮಾಸ್ತರ ಅಲ್ಲಿ ಕುರ್ಚಿ ಮ್ಯಾಲ ಕುಂತಾನ, ಅರಾಮ ಅದಾನ. ಹಂಗಾರ ಇಲ್ಲಿ ಬಿದ್ದಾಂವ ನಾ ಅಲ್ಲ. ಇಂವ ಯಾರೋ ಬ್ಯಾರೆ." ಅವರು ನನ್ನ ಕಡೆ ತಿರುಗಿದರು. "ಅದಕ ಕೂಗೂದು ಬಿಟ್ಟೆ."