ಸಿಹಿ ಬಿಸ್ಕತ್ತಿನಲ್ಲಿ ಅವಿತ ಉಪ್ಪು

ಅಪ್ಪನಿಗೆ ಬಿಪಿ ಎಂದು ಡಾಕ್ಟರು ಹೇಳಿದ ದಿನವೇ ಉಪ್ಪಿನಕಾಯಿ ಜಾಡಿಯನ್ನು ಪಕ್ಕದ ಮನೆಗೆ ಸಾಗಿಸಿದ ಗಂಡು ನಾನು. ನನ್ನಂಥ ಮಗ ಸುತ್ತ ಹತ್ತು ಹಳ್ಳಿಯಲ್ಲಿಲ್ಲ. ಆದರೂ ಬಿಪಿ ಇಳಿದಿರಲಿಲ್ಲ.

ಅವತ್ತು ಅಪ್ಪನಿಗೆಂದು ಸಿಹಿ ಬಿಸ್ಕತ್ತು ಕೊಂಡು ನರಸೀಪುರದಲ್ಲಿ ನಂಜನಗೂಡಿನ ಬಸ್ಸು ಹತ್ತಿದ್ದೆ. ಪಕ್ಕದ ಸೀಟಿನ ಅಜ್ಜಿಗೂ ಒಂದು ಕೊಟ್ಟೆ. ಕಚ್ಚಿದವರೇ ಮುಖ ಕಿವುಚಿದರು.

“ಉಪ್ಪದೆ ಕಣ್ಲಾ ಮಗ.”

“ಸಿಹಿ ಬಿಸ್ಕತ್ತು ಕಣಜ್ಜಿ! ನಿನ್ನ ನಾಲಿಗೆ ಕೆಟ್ಟೋಗದೆ.”

“ಬಿಪಿ ಅಂತ ಉಪ್ಪು ಬಿಟ್ಟಿವ್ನಿ. ಈಗ ಅದು ಎಲ್ಲಿ ಅವಿತಿದ್ರೂ ಗೊತ್ತಾಯ್ತದೆ.”

ನಗುತ್ತಲೇ ಪೊಟ್ಟಣ ತಿರುಗಿಸಿದೆ. ಹಿಂಬದಿಯ ಪದಾರ್ಥಗಳ ಪಟ್ಟಿಯಲ್ಲಿ ಸಕ್ಕರೆಯ ಕೆಳಗೆ ಉಪ್ಪು, ಬಿಪಿಗೆ ಆಗದ ಅಡುಗೆ ಸೋಡಾ! ಅಪ್ಪ ದಿನಾ ಟೀಗೆ ಅದ್ದಿ ತಿನ್ನುತ್ತಿದ್ದುದು ಇದನ್ನೇ. ಸಣ್ಣಕ್ಷರದಲ್ಲಿ ಅಡಗಿದ್ದನ್ನು ಅಜ್ಜಿಯ ನಾಲಿಗೆ ಒಂದೇ ಕಡಿತಕ್ಕೆ ಹಿಡಿದಿತ್ತು!

ಇಳಿದವನೇ ಅಪ್ಪನಿಗೆ ಬಾಳೆಹಣ್ಣು ಕೊಂಡೆ. ನಮ್ಮ ತಾಲ್ಲೂಕಿನಲ್ಲಿ ಉದ್ದದ ನಾಲಿಗೆ ಈಗಲೂ ನನ್ನದೇ. ಚುರುಕಿನದು ಮಾತ್ರ ಆ ಅಜ್ಜಿಯದು.